ಅಪ್‌ಡೇಟ್: ಗಾಜಿಗೆ ಅಂಟಿದ್ದ ಅಜ್ಜಿಯ ಫೋಟೋ ಸಿಕ್ಕಿತು

ಹೋದ ವಾರ ಕೇಳಿದ್ದೆ. ಕುಣಿಗಲ್ ಹತ್ತಿರದ ನಮ್ಮೂರಲ್ಲಿ ಅಜ್ಜಿ ಜಟಕಾ ಕುದುರೆಯ ಪಕ್ಕ ನಿಂತಿರುವ ಒಂದೇ ಒಂದು ಕಪ್ಪು ಬಿಳುಪು ಫೋಟೋ, ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ, ಬಿಡಿಸೋದು ಹೇಗೆ ಅಂತ.

ಮೊದಲು ಹೇರ್ ಡ್ರೈಯರ್ ಹಿಡಿದೆ. ಮೂಲೆಯಲ್ಲಿ ಪದರ ಏಳತೊಡಗಿತು, ಎದೆ ಧಸಕ್ಕೆಂದಿತು, ನಿಲ್ಲಿಸಿದೆ. ನೀರಲ್ಲಿ ನೆನೆಸುವ ಸಲಹೆಯನ್ನು ಬಿಟ್ಟೆ. ಫಂಗಸ್ ಹಿಡಿದ ಫೋಟೋದಲ್ಲಿ ಚಿತ್ರವಿರುವ ಜೆಲಟಿನ್ ಪದರ ನೀರಲ್ಲಿ ಕರಗಿಬಿಡಬಹುದಂತೆ.

ಕೆಲಸಕ್ಕೆ ಬಂದದ್ದು "ಬಿಡಿಸಲೇಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ" ಅಂದವರ ಮಾತು. ಅವರಿಗೆ ತುಂಬಾ ಥ್ಯಾಂಕ್ಸ್. ಆದರೆ ಮನೆಯ ತೆಳು ಸ್ಕ್ಯಾನರ್‌ನಲ್ಲಿ ಎಲ್ಲಾ ಮಸುಕು. ಅಂಥವು ಸ್ಕ್ಯಾನರ್‌ನ ಗಾಜಿಗೇ ತಾಗಿದ್ದನ್ನು ಮಾತ್ರ ಸ್ಪಷ್ಟವಾಗಿ ಹಿಡಿಯುತ್ತವೆ. ಸ್ಟುಡಿಯೋದ ಹಳೇ ದಪ್ಪ ಸಿಸಿಡಿ ಸ್ಕ್ಯಾನರ್ (ಸ್ವಲ್ಪ ಮೇಲಿರುವುದನ್ನೂ ಸ್ಪಷ್ಟವಾಗಿ ಹಿಡಿಯುವ ಬಗೆ) ನಲ್ಲಿ 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕೆಗೆ, ಇಟ್ಟಾಗ ಕುದುರೆಯ ರೆಪ್ಪೆಗೂದಲೂ ಕಂಡಿತು. ಗಾಜನ್ನು ಮೊದಲು ಚೆನ್ನಾಗಿ ಒರೆಸಿಕೊಳ್ಳಿ.

ಹಿಂದಿನ ರಟ್ಟು ತೆಗೆದಾಗ ಪೆನ್ಸಿಲ್‌ನಲ್ಲಿ ಅಜ್ಜಿಯ ಕೈಬರಹ: "ನಮ್ಮ ಗೌರಿ." ಕುದುರೆಯ ಹೆಸರು! ಅಮ್ಮನಿಗೂ ಗೊತ್ತಿರಲಿಲ್ಲ. ಬೆಳಗ್ಗೆ ಮೊದಲು ಗೌರಿಗೆ ಹುರುಳಿ ಬೇಯಿಸಿ, ಬಸಿದ ಕಟ್ಟಿನಲ್ಲಿ ನಮಗೆ ಸಾರು ಮಾಡುತ್ತಿದ್ದಳು ಅಜ್ಜಿ. ಕೊಟ್ಟಿಗೆಯ ವಾಸನೆ ಇಲ್ಲದಿದ್ದರೆ ನಿದ್ದೆ ಬರಲ್ಲ ಅಂತ ಪೇಟೆಯಲ್ಲಿ ಎರಡು ದಿನವೂ ಉಳಿಯುತ್ತಿರಲಿಲ್ಲ.

ಮೂರು ಪ್ರಿಂಟ್ ಹಾಕಿಸಿದೆ. ಈ ಸಲ ಗಾಜಿಗೆ ತಾಗದಂತೆ ಸುತ್ತ ರಟ್ಟಿನ ಮೌಂಟ್ ಇದೆ. ಒಂದು ಅಮ್ಮನ ಮಂಚದ ಪಕ್ಕ.