ಗಾಡಿ ನಮ್ಮದು, ಸ್ವಿಚ್ಚು ಇನ್ನೊಬ್ಬರ ಫೋನಿನಲ್ಲಿ: ಡೀಸೆಲ್ ಉಳಿಸೋಕೆ ಇದು ಬೇಕಾ?

ಕೇಳಿದವರು, ಗಂಗಾವತಿ ಕಡೆಯಿಂದ:

ನಮ್ಮ ಮನೆಯಲ್ಲಿ ಒಂದು ಡೀಸೆಲ್ ಕಾರು, ಒಂದು ಪಿಕಪ್ ಇದೆ. ಕಾರನ್ನು ಅಪ್ಪ ಓಡಿಸುತ್ತಾರೆ. ಪಿಕಪ್‌ಗೆ ಡ್ರೈವರ್ ಇದ್ದಾನೆ. ಎರಡಕ್ಕೂ ಸೇರಿ ತಿಂಗಳ ಡೀಸೆಲ್ ಖರ್ಚು ನೋಡಿದರೆ ಗಾಬರಿಯಾಗುತ್ತದೆ. ಬೆಂಗಳೂರಿನಲ್ಲಿರುವ ಮಾವನ ಮಗ ಒಂದು ಡಿವೈಸ್ ಹಾಕಿಸು ಅಂತಿದ್ದಾನೆ. ಫೋನಿನಿಂದಲೇ ವೇಗಕ್ಕೆ ಮಿತಿ ಹಾಕಬಹುದಂತೆ, ಮೂರು ನಿಮಿಷಕ್ಕಿಂತ ಜಾಸ್ತಿ ಸುಮ್ನೆ ನಿಂತರೆ ಎಂಜಿನ್ ಆಫ್ ಮಾಡಬಹುದಂತೆ. ಅಪ್ಪ ಮಾತ್ರ ಒಪ್ಪುತ್ತಿಲ್ಲ. "ನಲವತ್ತು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ, ಈಗ ನನ್ನ ಕಾಲಿಗೆ ನೀನು ಹಗ್ಗ ಕಟ್ತೀಯಾ?" ಅಂತ ಕೇಳಿದರು. ಅವತ್ತು ರಾತ್ರಿ ಊಟಕ್ಕೂ ಸರಿಯಾಗಿ ಕೂರಲಿಲ್ಲ. ದುಡ್ಡು ಉಳಿಯಬೇಕು, ಅಪ್ಪನ ಮನಸ್ಸಿಗೂ ನೋವಾಗಬಾರದು. ಹಾಕಿಸಿದವರು ಇದ್ದರೆ ನಿಮ್ಮ ಅನುಭವ ಹೇಳಿ.

ಸಂಡೂರು ತಾಲ್ಲೂಕಿನ ಟಿಪ್ಪರ್ ಮಾಲೀಕರು:

ನಾನು ಹಾಕಿಸಿದ್ದೆ, ಅರ್ಧ ತೆಗೆಸಿದೆ. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನನ್ನವು ಎರಡು ಟಿಪ್ಪರ್, ಗಣಿಯಿಂದ ತೋರಣಗಲ್ಲು ಕಡೆಗೆ ಅದಿರು ಸಾಗಿಸುತ್ತವೆ. ನಮ್ಮ ಕಡೆ ಅದಿರಿನ ಗಾಡಿಗಳಿಗೆ ಜಿಪಿಎಸ್ ಹೊಸದೇನಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಮೇಲೆ ಗಣಿ ಶುರುವಾದಾಗ ಯಾವ ಗಾಡಿ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವ ಲೆಕ್ಕ ಬಿಗಿಯಾಯಿತು. ಅದು ಸರಿಯಾದದ್ದೇ. ಆ ಧೂಳು, ಆ ಲೂಟಿ ಎರಡನ್ನೂ ಕಣ್ಣಾರೆ ನೋಡಿದವನು ನಾನು. ಹಾಗಾಗಿ ಗಾಡಿಯ ಮೇಲೆ ಕಣ್ಣಿಡುವುದೇ ತಪ್ಪು ಅಂತ ನಾನು ಹೇಳುವವನಲ್ಲ.

ನಾನು ಹಾಕಿಸಿದ್ದು ಬೇರೆ ಥರದ್ದು, ಎಂಜಿನ್ ಆಫ್ ಮಾಡುವ ರಿಲೇ, ಅಂದರೆ ಫೋನಿನಿಂದ ಒತ್ತುವ ಸ್ವಿಚ್ಚು ಇದ್ದದ್ದು. ಕಾರಣ ಡೀಸೆಲ್. ಲೋಡಿಂಗ್ ಸಾಲಿನಲ್ಲಿ, ವೇಬ್ರಿಡ್ಜ್ ಮುಂದೆ, ದಿನಕ್ಕೆ ಮೂರು ಗಂಟೆ ಎಂಜಿನ್ ಸುಮ್ನೆ ಓಡುತ್ತಿತ್ತು. ನಾನೇ ಅಳೆದು ನೋಡಿದೆ, ಗಂಟೆಗೆ ಎರಡು ಲೀಟರ್ ಹತ್ತಿರ ಹೋಗುತ್ತಿತ್ತು. ತಿಂಗಳಿಗೆ ಇಪ್ಪತ್ತೈದು ದಿನ ಅಂದರೂ ಒಂದು ಗಾಡಿಗೆ 150 ಲೀಟರ್. ಒಂದು ಹನಿಯೂ ಚಕ್ರಕ್ಕೆ ಹೋಗಲಿಲ್ಲ!

ಡಿವೈಸ್ ಹಾಕಿದ ಮೊದಲ ತಿಂಗಳು ಲೀಟರಿಗೆ 2.9 ಕಿಲೋಮೀಟರ್ ಇದ್ದ ಮೈಲೇಜ್ 3.3ಕ್ಕೆ ಬಂತು. ನಾನು ಕುಣಿದಾಡಿಬಿಟ್ಟೆ. ಅಳಿಯನಿಗೂ ಆ ಆಪ್ ಕೊಟ್ಟೆ, ನಾನು ಇಲ್ಲದಾಗ ನೋಡಿಕೊಳ್ಳಲಿ ಅಂತ.

ಎರಡನೇ ತಿಂಗಳು ಒಂದು ರಾತ್ರಿ ಅಳಿಯ ಸಾಲಿನಲ್ಲಿ ನಿಂತ ಗಾಡಿಯನ್ನು ಆಫ್ ಮಾಡಲು ಹೋದ. ಎರಡೂ ಗಾಡಿಯ ನಂಬರಿನಲ್ಲಿ ಕೊನೆಯ ಅಂಕಿ ಮಾತ್ರ ಬೇರೆ. ಅವನು ಒತ್ತಿದ್ದು ಲೋಡ್ ತುಂಬಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದ ಗಾಡಿಯದ್ದು. ಎಂಜಿನ್ ನಿಂತಿತು. ಪವರ್ ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಬ್ರೇಕಿನ ಟ್ಯಾಂಕಿನಲ್ಲಿ ಗಾಳಿ ಉಳಿದಿತ್ತು, ಅದೇ ಪುಣ್ಯ. ಡ್ರೈವರ್ ಎರಡೂ ಕೈಯಲ್ಲಿ ಜಗ್ಗಿ ಗಾಡಿಯನ್ನು ಪಕ್ಕದ ಮಣ್ಣಿನ ದಿಬ್ಬಕ್ಕೆ ಒರಗಿಸಿದ. ಯಾರಿಗೂ ಏನೂ ಆಗಲಿಲ್ಲ. ಎದುರಿಗೆ ಒಂದು ಬೈಕ್ ಬಂದಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ಆ ಡ್ರೈವರ್ ಮನೆಗೆ ಬಂದು ಕೀ ಕೈಗಿಟ್ಟ. "ಅಣ್ಣಾ, ಸ್ಟೇರಿಂಗ್ ನನ್ನ ಕೈಯಲ್ಲಿ, ಎಂಜಿನ್ ನಿಮ್ಮ ಫೋನಿನಲ್ಲಿ. ಹಿಂಗಾದರೆ ನಾನು ಗಾಡಿ ಹತ್ತಲ್ಲ" ಅಂದ. ಹನ್ನೊಂದು ವರ್ಷ ನನ್ನ ಹತ್ತಿರ ಇದ್ದವನು. ನಾನು ಅವನ ಮುಂದೆ ತಲೆ ತಗ್ಗಿಸಿ ನಿಂತೆ.

ಅವತ್ತೇ ರಿಲೇ ತೆಗೆಸಿದೆ. ಜಿಪಿಎಸ್ ಇಟ್ಟುಕೊಂಡೆ. ಎಷ್ಟು ಹೊತ್ತು ನಿಂತು ಎಂಜಿನ್ ಓಡಿತು ಅನ್ನುವ ಲೆಕ್ಕ ಈಗ ಮೊದಲು ಡ್ರೈವರ್ ಫೋನಿಗೆ ಹೋಗುತ್ತದೆ, ಆಮೇಲೆ ನನಗೆ. ಉಳಿದ ಡೀಸೆಲ್ಲಿನ ದುಡ್ಡಿನಲ್ಲಿ ಅರ್ಧ ಅವರಿಗೆ, ಬಾಟಾದ (ದಿನದ ಭತ್ಯೆಯ) ಜೊತೆಗೇ ಕೊಡುತ್ತೇನೆ. ಮೈಲೇಜ್ ಈಗ 3.2ರ ಆಸುಪಾಸು ಇದೆ. ಸ್ವಿಚ್ಚು ಇದ್ದಾಗಿನದಕ್ಕಿಂತ ಒಂದು ಕೂದಲಷ್ಟು ಕಡಿಮೆ, ಅಷ್ಟೇ. ಆ ಕೂದಲಿಗಾಗಿ ನಾನು ಒಂದು ಜೀವ ಪಣಕ್ಕೆ ಇಟ್ಟಿದ್ದೆ ಅಲ್ವಾ?

ಸಿಂಧನೂರಿನ ಅಕ್ಕಿ ಗಿರಣಿಯವರು:

ಮೇಲಿನವರ ಕಷ್ಟ ಅರ್ಥವಾಗುತ್ತದೆ. ಆದರೆ ಎಲ್ಲರೂ ಸೇರಿ ರಿಲೇನೇ ಬೇಡ ಅನ್ನಬೇಡಿ. ನಮ್ಮ ಟ್ರ್ಯಾಕ್ಟರ್ ಒಂದು ರಾತ್ರಿ ಕಣದಿಂದ ಕಳುವಾಯಿತು. ಬೆಳಗಿನ ಜಾವ ಎದ್ದು ನೋಡಿದರೆ ಆಪ್‌ನಲ್ಲಿ ಮಸ್ಕಿ ಕಡೆ ರಸ್ತೆಬದಿ ನಿಂತದ್ದು ಕಾಣಿಸಿತು. ನಿಂತಿರುವಾಗಲೇ ಲಾಕ್ ಮಾಡಿದೆ. ಪೊಲೀಸರ ಜೊತೆ ಹೋಗಿ ತಂದೆವು. ಆ ಸ್ವಿಚ್ಚು ಇಲ್ಲದಿದ್ದರೆ ನಮ್ಮ ಟ್ರ್ಯಾಕ್ಟರ್ ಹೋಗಿಯೇ ಹೋಗುತ್ತಿತ್ತು. ನಿಂತ ಗಾಡಿಗೆ ಬೀಗ ಹಾಕುವುದು ಬೇರೆ, ಓಡುವ ಗಾಡಿಯನ್ನು ನಿಲ್ಲಿಸುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ರಾಯಚೂರಿನ ಮೆಕ್ಯಾನಿಕ್:

ಗಿರಣಿಯವರು ಹೇಳಿದ್ದು ಸರಿ. ಒಳ್ಳೆ ಡಿವೈಸ್ ಆದರೆ ಗಾಡಿ ಓಡುವಾಗ ಆಫ್ ಕಮಾಂಡ್ ಬಂದರೂ ಕಾಯುತ್ತದೆ, ವೇಗ ಪೂರ್ತಿ ಇಳಿದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಅಗ್ಗದ ಮಾಲಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಇನ್ನೊಂದು ಅಪಾಯ ನೆಟ್‌ವರ್ಕಿನದ್ದು. ನೀವು ಹತ್ತು ಗಂಟೆಗೆ ಒತ್ತಿದ್ದು ಸಿಗ್ನಲ್ ಇಲ್ಲದೆ ಎಲ್ಲೋ ನಿಂತು, ಹತ್ತೂ ಇಪ್ಪತ್ತಕ್ಕೆ ಗಾಡಿಗೆ ಮುಟ್ಟಬಹುದು. ಆ ಹೊತ್ತಿಗೆ ಗಾಡಿ ಎಲ್ಲಿ, ಯಾವ ವೇಗದಲ್ಲಿ ಇರುತ್ತದೋ!

ರಿಲೇಗೆ ಇಗ್ನಿಷನ್ ವೈರನ್ನೋ ಪಂಪಿನ ವೈರನ್ನೋ ಕತ್ತರಿಸಿ ಜೋಡಿಸುತ್ತಾರೆ. ನಮ್ಮ ಊರಿನ ಬೇಸಿಗೆಯಲ್ಲಿ ಬಾನೆಟ್ ಒಳಗಿನ ಬಿಸಿಗೆ ಸುಮ್ನೆ ಸುತ್ತಿದ ಟೇಪ್ ಕರಗಿ ಬಿಚ್ಚಿಕೊಳ್ಳುತ್ತದೆ. ಏಪ್ರಿಲ್, ಮೇ ಬಂತೆಂದರೆ ದಾರಿ ಮಧ್ಯೆ ನಿಂತ ಇಂಥ ಗಾಡಿ ನನ್ನ ಶೆಡ್ಡಿಗೆ ಬರುತ್ತಲೇ ಇರುತ್ತವೆ. ವಾರಂಟಿ ಇರುವ ಗಾಡಿಯಾದರೆ ವೈರ್ ಕತ್ತರಿಸುವ ಮುಂಚೆ ಶೋರೂಮಿನಲ್ಲಿ ಬರಹದಲ್ಲಿ ಕೇಳಿಕೊಳ್ಳಿ.

ಡೀಸೆಲ್ ಉಳಿಯಬೇಕಾ? ಮೊದಲು ಟೈರಿನ ಗಾಳಿ ನೋಡಿ, ಏರ್ ಫಿಲ್ಟರ್ ನೋಡಿ. ಸುಗ್ಗಿಯ ಧೂಳಿಗೆ ಫಿಲ್ಟರ್ ಎರಡೇ ವಾರದಲ್ಲಿ ಮುಚ್ಚಿಹೋಗುತ್ತದೆ. ಆಮೇಲೆ ವೇಗ. 60ರಲ್ಲಿ ಹೋಗುವ ಗಾಡಿ 90ಕ್ಕೆ ಏರಿದರೆ ಎದುರು ಗಾಳಿಯ ಒತ್ತಡ ಎರಡು ಪಟ್ಟಿಗೂ ಜಾಸ್ತಿ ಆಗುತ್ತದೆ. ಆ ಗಾಳಿಯನ್ನು ತಳ್ಳುವುದಕ್ಕೇ ನಿಮ್ಮ ಡೀಸೆಲ್ ಹೋಗುತ್ತದೆ. ಸರ್ಕಾರದ ಇಂಧನ ಉಳಿತಾಯದ ಸಂಸ್ಥೆಯವರು 45ರಿಂದ 55ರ ವೇಗ ಒಳ್ಳೆಯದು ಅಂತ ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದಾರೆ. ಎರೆಮಣ್ಣಿನ ಮೇಲೆ ಹಾಕಿದ ನಮ್ಮ ರಸ್ತೆಗಳು ಅಲೆ ಅಲೆಯಾಗಿ ಎದ್ದಿರುತ್ತವೆ, ಅದಕ್ಕಿಂತ ಜಾಸ್ತಿ ಹೋಗಲು ಎಷ್ಟೋ ಕಡೆ ಆಗುವುದೂ ಇಲ್ಲ.

ಮಾನ್ವಿಯ ಬಾಡಿಗೆ ಕಾರಿನ ಡ್ರೈವರ್:

ನಿಮ್ಮ ಪಿಕಪ್ ಡ್ರೈವರ್ ಪರವಾಗಿ ಎರಡು ಮಾತು. "ಸುಮ್ನೆ ನಿಂತಿದೆ" ಅಂತ ಆಪ್ ತೋರಿಸುವಾಗ ಒಳಗೆ ಒಬ್ಬ ಮನುಷ್ಯ ಕೂತಿರುತ್ತಾನೆ. ಮಧ್ಯಾಹ್ನ ಎರಡು ಗಂಟೆಗೆ, ಮರ ಇಲ್ಲದ ಜಾಗದಲ್ಲಿ, ಪಾರ್ಟಿ ಬರುವವರೆಗೆ ಕಾಯುತ್ತಾ. ಎಸಿ ಆಫ್ ಮಾಡಿದ ಐದು ನಿಮಿಷಕ್ಕೆ ಕಾರು ಒಲೆಯಾಗುತ್ತದೆ. ಹಾಗೆ ನಿಂತ ಕಾರಿಗೆ ಗಂಟೆಗೆ ಒಂದು ಲೀಟರ್ ಹತ್ತಿರ ಹೋಗುತ್ತದೆ, ಒಪ್ಪುತ್ತೇನೆ. ಹಾಗಾದರೆ ನೆರಳಿರುವ ಕಡೆ ನಿಲ್ಲಿಸಿಕೊಳ್ಳಲು ಬಿಡಿ, ಬೇಕಾದಾಗ ಫೋನ್ ಮಾಡಿ ಕರೆಯಿರಿ.

ಇನ್ನೊಂದು ನಡೆದದ್ದು. ಪಕ್ಕದ ಹಳ್ಳಿಯ ಹೆಣ್ಣುಮಗಳಿಗೆ ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆ ನೋವು ಬಂತು. ಆಂಬುಲೆನ್ಸ್ ದೂರದಲ್ಲಿತ್ತು. ನಾನೇ ಕೂರಿಸಿಕೊಂಡು ರಾಯಚೂರಿಗೆ ಓಡಿದೆ. ಖಾಲಿ ರಸ್ತೆಯಲ್ಲಿ 100 ದಾಟಿದೆ. ಮಗು ಉಳಿಯಿತು, ತಾಯಿಯೂ ಉಳಿದಳು. ವೇಗದ ಗವರ್ನರ್ (ಗಾಡಿ ಮಿತಿ ಮೀರದಂತೆ ತಡೆಯುವ ಸಾಧನ) ನಿಯಮದಲ್ಲಿ ಆಂಬುಲೆನ್ಸಿಗೆ ವಿನಾಯಿತಿ ಇದೆ. ಹಳ್ಳಿಯಲ್ಲಿ ಆಂಬುಲೆನ್ಸ್ ಅಂದರೆ ಎಷ್ಟೋ ಸಲ ನಮ್ಮಂಥವರ ಕಾರೇ. ಅವತ್ತು ಮಾಲೀಕರ ಫೋನಿನಲ್ಲಿ 70ಕ್ಕೆ ಮಿತಿ ಹಾಕಿ ಅವರು ಮಲಗಿಬಿಟ್ಟಿದ್ದರೆ ನಾನು ಯಾರನ್ನು ಎಬ್ಬಿಸಲಿ?

ಕೊಪ್ಪಳದ ಶಿಕ್ಷಕಿ:

ನಾನು ಬೇರೆ ಕಡೆಯಿಂದ ಹೇಳುತ್ತೇನೆ. ನನ್ನ ಕಾರಿಗೂ ಮೈದುನ ಡಿವೈಸ್ ಹಾಕಿಸಿದ. "ಅತ್ತಿಗೆ, ಪೆಟ್ರೋಲ್ ಉಳಿಯುತ್ತೆ" ಅಂದ. ಮೊದಲ ವಾರ ಪೆಟ್ರೋಲಿನ ಮಾತೇ ಆಡಿದರು. ಎರಡನೇ ವಾರ ಅತ್ತೆ ಕೇಳಿದರು, ಯಲಬುರ್ಗಾ ರಸ್ತೆಯಲ್ಲಿ ಗಾಡಿ ನಲವತ್ತು ನಿಮಿಷ ನಿಂತಿತ್ತಂತೆ, ಯಾಕೆ? ಅವತ್ತು ನನ್ನ ಜೊತೆ ಕೆಲಸ ಮಾಡುವವಳ ತಾಯಿ ತೀರಿಕೊಂಡಿದ್ದರು. ಅವಳ ಜೊತೆ ಕೂತಿದ್ದೆ. ಅದನ್ನೂ ಲೆಕ್ಕ ಕೊಟ್ಟು ಹೇಳಬೇಕಾಗಿ ಬಂತಲ್ಲ ಅಂತ ನಾನು ಅಡುಗೆಮನೆಯಲ್ಲಿ ಕಣ್ಣೀರು ಹಾಕಿದೆ. ಬ್ಯಾಂಕ್ ಸಾಲ ನನ್ನ ಸಂಬಳದಲ್ಲಿ ಕಟ್ಟುತ್ತೇನೆ, ಆರ್‌ಸಿ ನನ್ನ ಹೆಸರಿನಲ್ಲಿದೆ. ನಾನು ಎಲ್ಲಿ ನಿಂತೆ ಅನ್ನುವುದು ಮಾತ್ರ ಮೂರು ಜನರ ಫೋನಿನಲ್ಲಿ.

ಗಂಡನ ಜೊತೆ ಕೂತು ನಿಧಾನವಾಗಿ ಮಾತಾಡಿದೆ. ಅವರಿಗೆ ಅರ್ಥವಾಯಿತು. ಪಾಸ್‌ವರ್ಡ್ ಬದಲಿಸಿ ಲಾಗಿನ್ ನನ್ನ ಫೋನಿಗೆ ಮಾತ್ರ ಇಟ್ಟೆವು. ಆಮೇಲೆ ನಾನೇ ಆ ಲೆಕ್ಕ ನೋಡಲು ಶುರುಮಾಡಿದೆ. ವಾರಕ್ಕೆ ನಾಲ್ಕು ಸಲ ಪೇಟೆಗೆ ಹೋಗುತ್ತಿದ್ದೆ, ಈಗ ಎರಡು ಸಲದಲ್ಲಿ ಮುಗಿಸುತ್ತೇನೆ. ಪೆಟ್ರೋಲ್ ನಿಜವಾಗಿ ಉಳಿದದ್ದು ಈಗ. ದಯವಿಟ್ಟು ನಿಮ್ಮ ಅಪ್ಪನ ಕಾರಿನ ಲಾಗಿನ್ ಅಪ್ಪನ ಹತ್ತಿರವೇ ಇರಲಿ.

ಬಳ್ಳಾರಿಯ ನಿವೃತ್ತ ಉಪನ್ಯಾಸಕರು:

ಇಂಧನಕ್ಕಾಗಿ ವೇಗ ಕಟ್ಟುವ ಜಗಳ ಹಳೆಯದು. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಪಶ್ಚಿಮ ಜರ್ಮನಿ ತನ್ನ ಹೆದ್ದಾರಿಯಲ್ಲಿ 100 ಕಿಲೋಮೀಟರ್ ಮಿತಿ ಹಾಕಿತು. ನಾಲ್ಕು ತಿಂಗಳೂ ನಡೆಯಲಿಲ್ಲ, ಜನ ಅಷ್ಟು ಸಿಟ್ಟಾದರು. ಅಮೆರಿಕ 1974ರಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ಮಿತಿ ತಂದು, 1995ರಲ್ಲಿ ಕೈಬಿಟ್ಟಿತು. ಆಗ ಇದ್ದದ್ದು ರಸ್ತೆಬದಿಯ ಬೋರ್ಡು, ಪೊಲೀಸು. ಗಾಡಿಯ ಒಳಗೆ ಯಾರ ಕೈಯೂ ಬಂದಿರಲಿಲ್ಲ.

ಈಗ ಕೈ ಒಳಗೆ ಬರುತ್ತಿದೆ. ಯುರೋಪಿನಲ್ಲಿ 2024ರ ಜುಲೈನಿಂದ ಮಾರಾಟವಾಗುವ ಹೊಸ ಕಾರುಗಳಲ್ಲಿ ರಸ್ತೆಯ ಮಿತಿ ಗುರುತಿಸಿ ಎಚ್ಚರಿಸುವ ಸಾಧನ ಕಡ್ಡಾಯ. ಆದರೆ ಡ್ರೈವರ್ ಅದನ್ನು ಮೀರಿ ಪೆಡಲ್ ಒತ್ತಬಹುದು, ಆಫ್ ಕೂಡ ಮಾಡಬಹುದು. ನಮ್ಮಲ್ಲಿ ಲಾರಿಗಳಿಗೆ 80ರ ಗವರ್ನರ್, ಡಂಪರ್, ಟ್ಯಾಂಕರ್, ಶಾಲಾ ಬಸ್ಸಿಗೆ 60ರದ್ದು ಇದೆ. ಸ್ವಂತ ಕಾರಿಗೆ ಆ ಕಟ್ಟು ಇಲ್ಲ. 2019ರ ಜುಲೈ ನಂತರದ ಕಾರು 80 ದಾಟಿದರೆ ಆಗಾಗ ಬೀಪ್ ಅನ್ನುತ್ತದೆ, 120 ದಾಟಿದರೆ ಬಿಡದೆ ಕೂಗುತ್ತದೆ. ಕೂಗುತ್ತದೆ, ಕಾಲು ಹಿಡಿಯುವುದಿಲ್ಲ. ನನಗೆ ಇದು ನ್ಯಾಯ ಅನ್ನಿಸುತ್ತದೆ.

ನಮ್ಮ ದೇಶ ಬಳಸುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಉಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗೆಯೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ನಾನು ಇದನ್ನು ಹೇಳುವುದು ಏಕೆಂದರೆ, ನಿಮ್ಮ ಅಪ್ಪನ ಸಿಟ್ಟನ್ನು ಮುದುಕರ ಹಟ ಅಂತ ತಳ್ಳಿಹಾಕಬೇಡಿ.

ಸಂಡೂರಿನ ಟಿಪ್ಪರ್ ಮಾಲೀಕರು ಮತ್ತೆ:

ಗಿರಣಿಯವರ ಮಾತು ಒಪ್ಪಿದೆ. ನಿಂತ ಗಾಡಿಗೆ ಬೀಗ ಇರಲಿ. ಒಂದು ಸೇರಿಸುತ್ತೇನೆ: ಗಾಡಿ ಸಾಲದ್ದಾದರೆ ಕಾಗದ ಪೂರ್ತಿ ಓದಿ. ನನ್ನ ಗೆಳೆಯನ ಗಾಡಿಗೆ ಸಾಲ ಕೊಟ್ಟವರೇ ಡಿವೈಸ್ ಹಾಕಿದ್ದರು. ಒಂದು ಕಂತು ತಪ್ಪಿದ್ದಕ್ಕೆ ಗಾಡಿ ಸ್ಟಾರ್ಟೇ ಆಗಲಿಲ್ಲ, ಭತ್ತದ ಲೋಡ್ ಎರಡು ದಿನ ಮಳೆಯಲ್ಲಿ ನೆನೆಯಿತು. ಸಹಿ ಹಾಕಿದ ಕಾಗದದಲ್ಲಿ ಅದು ಬರೆದಿತ್ತು, ಅವನು ಓದಿರಲಿಲ್ಲ.

ಕೇಳಿದವರು, ಗಂಗಾವತಿಯಿಂದ, ಮೂರು ವಾರದ ನಂತರ:

ಎಲ್ಲರಿಗೂ ಕೈಮುಗಿದು ಧನ್ಯವಾದ. ನಿಮ್ಮ ಮಾತುಗಳನ್ನು ಅಪ್ಪನಿಗೆ ಓದಿ ಹೇಳಿದೆ. ಟಿಪ್ಪರ್ ಇಳಿಜಾರಿನಲ್ಲಿ ನಿಂತದ್ದು ಕೇಳಿ ಸುಮ್ಮನೆ ಕೂತರು. ಆಮೇಲೆ, "ಲೆಕ್ಕ ತೋರಿಸೋದಾದರೆ ನನಗೆ ತೋರಿಸಲಿ, ನಿನಗಲ್ಲ" ಅಂದರು. ಕಾರಿಗೆ ಲೆಕ್ಕ ತೋರಿಸುವ ಡಿವೈಸ್ ಮಾತ್ರ ಹಾಕಿಸಿದೆವು, ವೈರ್ ಕತ್ತರಿಸಲಿಲ್ಲ, ಲಾಗಿನ್ ಅಪ್ಪನ ಫೋನಿನಲ್ಲಿದೆ. ಟೈರಿಗೆ ಗಾಳಿ ಹಿಡಿಸಿದರು, ಫಿಲ್ಟರ್ ಬದಲಿಸಿದರು, ಕೆಂಪಗೆ ಧೂಳು ತುಂಬಿತ್ತು. ಮೊನ್ನೆ ರಾಯಚೂರಿಗೆ ಹೋಗಿ ಬಂದವರು ಚಪ್ಪಲಿ ಬಿಡುವ ಮೊದಲೇ "ಹದಿನೆಂಟು ಬಂತು" ಅಂದರು. ಮೊದಲು ಮೈಲೇಜ್ ಹದಿನೈದೂವರೆ ಬರುತ್ತಿತ್ತು.

ಪಿಕಪ್ ಡ್ರೈವರ್ ಜೊತೆ ಉಳಿತಾಯದಲ್ಲಿ ಅರ್ಧ ಅಂತ ಮಾತಾಗಿದೆ. ಕಳ್ಳತನದ ಭಯಕ್ಕೆ ಪಿಕಪ್‌ಗೆ ನಿಂತಾಗ ಮಾತ್ರ ಕೆಲಸ ಮಾಡುವ ಲಾಕ್ ಹಾಕಿಸಬೇಕು ಅಂತಿದ್ದೇವೆ, ಅವನ ಮುಂದೆಯೇ ಹಾಕಿಸಿ, ತೆಗೆಯುವುದು ಹೇಗೆ ಅಂತ ಅವನಿಗೂ ಕಲಿಸಿ. ಗಂಗಾವತಿ, ಕಾರಟಗಿ ಕಡೆ ವೈರಿಂಗ್ ಕೆಲಸ ನಿಯತ್ತಾಗಿ ಮಾಡುವವರು ಗೊತ್ತಿದ್ದರೆ ತಿಳಿಸಿ. ಭತ್ತದ ಕಟಾವು ಶುರುವಾಗುವ ಮೊದಲು ಮುಗಿಸಬೇಕು.