ಮಂಡಿ ಚಿಪ್ಪಿನ ಫಾರ್ವರ್ಡ್

ಚಿಕ್ಕಪ್ಪ (ಫಾರ್ವರ್ಡ್): ಎಚ್ಚರ! ಮಂಡಿ ಚಿಪ್ಪು ಒಡೆದು ಕೂಡದಿದ್ದರೆ ತೆಗೆಸಿಬಿಡಿ. ಅದರಿಂದ ಏನೂ ಉಪಯೋಗವಿಲ್ಲ. ತಂತಿ ಹಾಕುವುದು ಬರೀ ಮೋಸ. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ನಾನು ಮೊದಲೇ ಹೇಳಿದ್ದೆ, ಅಲ್ವಾ?

ಅಕ್ಕ: ಬರೆದವರು ಯಾರು ಚಿಕ್ಕಪ್ಪ? ಹೆಸರಿಲ್ಲ, ತಾರೀಖಿಲ್ಲ. ಪೂರ್ತಿ ಓದಿದಿರಾ?

ಚಿಕ್ಕಪ್ಪ: ಎಲ್ಲದಕ್ಕೂ ಪುರಾವೆ ಕೇಳುತ್ತೀಯ. ನಿಮ್ಮತ್ತೆ ಬಿದ್ದ ದಿನ ನೀನೆಲ್ಲಿದ್ದೆ?

ಅಕ್ಕ: ಆಸ್ಪತ್ರೆಯಲ್ಲಿ. ರಾತ್ರಿಯೆಲ್ಲ ಫೋನ್ ಎತ್ತದಿದ್ದವರು ನೀವು.

ದೊಡ್ಡಪ್ಪ: ದೊಡ್ಡವರ ಹತ್ತಿರ ಹೀಗೆ ಮಾತಾಡಬಾರದಮ್ಮ. ತಾಳ್ಮೆ ಇದ್ದರೆ ಮೂಳೆ ತಾನಾಗಿ ಕೂಡುತ್ತದೆ.

ನಾನು: ದೊಡ್ಡಪ್ಪ, ಅತ್ತೆಯ ಮಂಡಿ ಚಿಪ್ಪು ಒಡೆದು ಏಳು ತಿಂಗಳಾಯಿತು, ಇನ್ನೂ ಕೂಡಿಲ್ಲ. ಇದು ಬೇರೆ ಮೂಳೆಯ ಹಾಗಲ್ಲ. ತೊಡೆಯ ಸ್ನಾಯು ಮೇಲಿನ ತುಂಡನ್ನು ಎಳೆಯುತ್ತಲೇ ಇರುತ್ತದೆ. ತುಂಡುಗಳ ನಡುವಿನ ಸಂದಿ ಅಗಲವಾಗಿ ಅಲ್ಲಿ ನಾರು ತುಂಬಿಕೊಳ್ಳುತ್ತದೆ. ಡಾಕ್ಟರು ಆ ನಾರನ್ನು ಕೆರೆದು, ಅಂಚಿನಲ್ಲಿ ರಕ್ತ ಜಿನುಗುವಷ್ಟು ಹಸಿ ಮಾಡಿ, ತುಂಡುಗಳನ್ನು ಕೂಡಿಸುತ್ತಾರೆ. ಒಳಗೆ ಎರಡು ಲೋಹದ ಕಡ್ಡಿ, ಮುಂದೆ ಎಂಟರ ಆಕಾರದಲ್ಲಿ ತಂತಿ. ಆಮೇಲೆ ಮಂಡಿ ಮಡಚಿದಾಗ ಆ ಎಳೆತವೇ ತುಂಡುಗಳನ್ನು ಒತ್ತಿ ಹಿಡಿಯುತ್ತದೆ. ಬೇಕಾದರೆ ಸೊಂಟದ ಮೂಳೆ ಸ್ವಲ್ಪ ತೆಗೆದು ತುಂಬುತ್ತಾರೆ. ತಡವಾದಷ್ಟೂ ಸ್ನಾಯು ಮುದುಡಿಕೊಳ್ಳುತ್ತದೆ. ಮೇಲಿನ ತುಂಡನ್ನು ಕೆಳಗೆ ತರುವುದೇ ಕಷ್ಟ.

ತಮ್ಮ: ಅಜ್ಜಿ ಮನೆ ಮೆಟ್ಟಿಲು ನೆನಪಿದೆಯಾ? ಅತ್ತೆ ಎರಡೆರಡು ಮೆಟ್ಟಿಲು ಹಾರುತ್ತಿದ್ದರು! ಆ ಫೋಟೋ ಯಾರ ಹತ್ತಿರ ಇದೆ?

ಚಿಕ್ಕಪ್ಪ: ಆಲ್ಬಮ್ ಅಣ್ಣನ ಹತ್ತಿರ. ಕೇಳಿದರೆ ಕೊಡುವುದಿಲ್ಲ.

ದೊಡ್ಡಪ್ಪ: ನೀನು ತಗೊಂಡಿದ್ದನ್ನು ಯಾವತ್ತು ವಾಪಸ್ ಕೊಟ್ಟಿದ್ದೀಯ?

ಅಕ್ಕ: ಆಲ್ಬಮ್ ಆಮೇಲೆ. ಚಿಪ್ಪಿನಿಂದ ಉಪಯೋಗವಿಲ್ಲ ಅನ್ನುವುದಕ್ಕೆ ಆಧಾರ ಏನು?

ನಾನು: ಅದು ತಪ್ಪು ಅಕ್ಕ. ಚಿಪ್ಪು ಸ್ನಾಯುವಿನ ಎಳೆಯನ್ನು ಕೀಲಿನಿಂದ ಮುಂದಕ್ಕೆ ಎತ್ತಿ ಹಿಡಿಯುತ್ತದೆ. ಕಾಲು ಚಾಚಲು ಅದರಿಂದ ಹೆಚ್ಚು ಬಲ. ಪೂರ್ತಿ ತೆಗೆದರೆ ಆ ಬಲ ಕಡಿಮೆಯಾಗುತ್ತದೆ. ಅದಕ್ಕೇ ತೆಗೆಯುವುದು ಕೊನೆಯ ದಾರಿ. ತಂತಿ ಇವತ್ತಿನ ಮೋಸವೂ ಅಲ್ಲ. ಲಂಡನ್ನಿನಲ್ಲಿ ಜೋಸೆಫ್ ಲಿಸ್ಟರ್ ಅನ್ನುವ ಸರ್ಜನ್ 1877ರಲ್ಲೇ ಒಡೆದ ಚಿಪ್ಪನ್ನು ಬೆಳ್ಳಿ ತಂತಿಯಿಂದ ಕಟ್ಟಿದ್ದರು. ಹಾಗಂತ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ನೋವಿಲ್ಲ, ಕಾಲು ನೆಟ್ಟಗೆ ಎತ್ತಲು ಬರುತ್ತದೆ ಅಂದರೆ ಕೆಲವರಿಗೆ ಸುಮ್ನೆ ಬಿಡುತ್ತಾರೆ. ಅತ್ತೆಗೆ ಎತ್ತಲು ಬರುತ್ತದೆಯಾ? ಯಾರಾದರೂ ಕೇಳಿದಿರಾ?

ಚಿಕ್ಕಪ್ಪ: ಕಾಳಜಿ ನಿನಗೊಬ್ಬನಿಗೇನಾ?

ಅತ್ತೆ: ನಾನೂ ಈ ಗುಂಪಿನಲ್ಲೇ ಇದ್ದೇನೆ. ಮಲಗಿದರೆ ಹಿಮ್ಮಡಿ ಹಾಸಿಗೆ ಬಿಟ್ಟು ಏಳುವುದಿಲ್ಲ. ಮೆಟ್ಟಿಲು ಇಳಿಯುವಾಗ ಮಂಡಿ ಕುಸಿಯುತ್ತದೆ. ಮಂಗಳವಾರ ಎಕ್ಸ್‌ರೇ ಇದೆ. ಯಾರು ಬರುತ್ತೀರಿ?

ಚಿಕ್ಕಪ್ಪ: ಎಷ್ಟು ಗಂಟೆಗೆ ಅಕ್ಕ?