ಬರ್ನ್‌ನಲ್ಲಿ ಆರೇ ನಿಮಿಷ, ಜೊತೆಗೆ ಗಾಬರಿ ಬೀಳೋ ಅಮ್ಮ: ಟೂರ್ ಮ್ಯಾನೇಜರ್‌ಗೆ ಪ್ರಶ್ನೆ

ಪ್ರಶ್ನೆ (ದಾವಣಗೆರೆಯಿಂದ)

ನಮಸ್ಕಾರ ಸರ್. ಜೂನ್‌ನಲ್ಲಿ ಅಮ್ಮನ್ನ ಕರ್ಕೊಂಡು ಸ್ವಿಟ್ಜರ್ಲೆಂಡ್ 6 ದಿನ, ಆಮೇಲೆ ಪ್ಯಾರಿಸ್ 3 ದಿನ ಹೋಗ್ತಾ ಇದೀನಿ, ನಾವಿಬ್ರೇ. ಅಮ್ಮನಿಗೆ 69, ಮಂಡಿ ನೋವು ಸ್ವಲ್ಪ ಬಿಟ್ರೆ ಗಟ್ಟಿ ಇದಾರೆ, ಬೆಂಗಳೂರಿಗೆ ಒಬ್ರೇ ಓಡಾಡ್ತಾರೆ. ಆದ್ರೆ ಮಧ್ಯದಲ್ಲಿ ಟ್ರೇನ್ ಬದಲಾಯಿಸ್ಬೇಕು ಅಂದ ತಕ್ಷಣ ಕೈ ತಣ್ಣಗಾಗುತ್ತೆ. ಜ್ಯೂರಿಕ್ ಏರ್‌ಪೋರ್ಟಿಂದ ಇಂಟರ್‌ಲಾಕನ್‌ಗೆ ಹೋಗೋದನ್ನ ಆಪ್‌ನಲ್ಲಿ ತೋರಿಸಿದೆ, "ಬರ್ನ್‌ನಲ್ಲಿ ಬದಲಾವಣೆ, 6 ನಿಮಿಷ" ಅಂತ ಇತ್ತು, ಅವತ್ತು ರಾತ್ರಿ ಅವ್ರು ನಿದ್ದೆನೇ ಮಾಡ್ಲಿಲ್ಲ.

ಕಾರಣ ಇದೆ ಸರ್. ನಾನು ಚಿಕ್ಕವಳಿದ್ದಾಗ ಅರಸೀಕೆರೆಯಲ್ಲಿ ಅಪ್ಪ ಕಾಫಿ ತರ್ತೀನಿ ಅಂತ ಇಳಿದ್ರು, ಗಾಡಿ ಹೊರಟೇಬಿಡ್ತು. ಅವ್ರು ಹಿಂದಿನ ಯಾವುದೋ ಬೋಗಿ ಹತ್ತಿದ್ರು, ಆದ್ರೆ ಆಗ ಜನರಲ್ ಬೋಗಿಯಿಂದ ಬೋಗಿಗೆ ದಾರಿ ಇರ್ಲಿಲ್ವಲ್ಲ, ಕಡೂರು ಬರೋ ತನಕ ಹತ್ತಿದಾರೋ ಇಲ್ವೋ ಗೊತ್ತಿಲ್ಲ. ಅಮ್ಮ ಆ ಮುಕ್ಕಾಲು ಗಂಟೆನ ಇನ್ನೂ ಮರ್ತಿಲ್ಲ.

ಪ್ಯಾರಿಸ್‌ಗೆ ಹೋಗೋ ದಿನ ಇಂಟರ್‌ಲಾಕನ್ ಇಂದ ಬಾಸೆಲ್, ಅಲ್ಲಿಂದ ಟಿಜಿವಿ (ಫ್ರಾನ್ಸ್‌ನ ವೇಗದ ಟ್ರೇನ್). ಬಾಸೆಲ್‌ನಲ್ಲಿ 11 ನಿಮಿಷ ಸಿಗುತ್ತೆ. ಟಿಜಿವಿ ಟಿಕೆಟ್ ಬೇರೆ ತಗೊಂಡಿದೀನಿ, ಅಗ್ಗದ್ದು. ಸ್ವಿಟ್ಜರ್ಲೆಂಡ್‌ಗೆ 6 ದಿನದ ಸ್ವಿಸ್ ಟ್ರಾವೆಲ್ ಪಾಸ್ (ಆ ದಿನಗಳಿಗೆಲ್ಲ ಒಂದೇ ಟ್ರೇನ್ ಟಿಕೆಟ್). ಅಮ್ಮನಿಗೆ ಹೇಗೆ ಧೈರ್ಯ ಹೇಳ್ಲಿ? "ಏನೂ ಆಗಲ್ಲ ಬಿಡಮ್ಮ" ಅಂತ ಹೇಳಿ ಹೇಳಿ ಸಾಕಾಯ್ತು.

ಉತ್ತರ (ಟೂರ್ ಮ್ಯಾನೇಜರ್)

ಮೇಡಂ, ಮೊದ್ಲು "ಏನೂ ಆಗಲ್ಲ" ಅನ್ನೋದನ್ನ ನಿಲ್ಸಿ. ಅರಸೀಕೆರೆಯಲ್ಲಿ ಆಗಿದೆ ತಾನೆ? ಅಮ್ಮನಿಗೆ ಗೊತ್ತಾಗ್ಬೇಕಿರೋದು ತಪ್ಪಿದ್ರೆ ಏನ್ಮಾಡೋದು ಅನ್ನೋದು. ಹಿರಿಯರ ಗುಂಪುಗಳನ್ನ ಕರ್ಕೊಂಡು ಹೋಗಿ ಹೋಗಿ ನಾನು ಕಲ್ತಿದ್ದು ಇದೊಂದೇ, ಅವ್ರ ಭಯ ಟ್ರೇನ್ ತಪ್ಪೋದ್ರ ಬಗ್ಗೆ ಕಡಿಮೆ, ನಿಮ್ಮಿಂದ ಬೇರೆ ಆಗೋದ್ರ ಬಗ್ಗೆ ಜಾಸ್ತಿ. ಎರಡಕ್ಕೂ ಬೇರೆ ಬೇರೆ ಮದ್ದು.

ಬರ್ನ್‌ದು ಮೊದ್ಲು. ಆ ಆರು ನಿಮಿಷ ಯಾರೋ ತಪ್ಪಿ ಇಟ್ಟಿದ್ದಲ್ಲ. ಸ್ವಿಸ್‌ನವ್ರು 1982ರಲ್ಲಿ ದೇಶಕ್ಕೆಲ್ಲ ಒಂದೇ ಲಯದ ವೇಳಾಪಟ್ಟಿ ತಂದ್ರು, ಪ್ರತಿ ಗಂಟೆ ಅದೇ ನಿಮಿಷಕ್ಕೆ ಗಾಡಿ. ದೊಡ್ಡ ಸ್ಟೇಷನ್‌ಗಳಿಗೆ ಎಲ್ಲಾ ದಿಕ್ಕಿನ ಗಾಡಿಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬಂದು, ಜನ ಬದಲಾಯಿಸ್ಕೊಂಡ ಮೇಲೆ ಒಟ್ಟಿಗೆ ಹೊರಡ್ತವೆ. ಜ್ಯೂರಿಕ್‌ನಿಂದ ಬರ್ನ್‌ಗೆ 2004ರಲ್ಲಿ ಹೊಸ ಲೈನ್ ಶುರುವಾದಾಗ ಪ್ರಯಾಣ 56 ನಿಮಿಷಕ್ಕೆ ಇಳೀತು, ಯಾಕಂದ್ರೆ ಒಂದು ಗಂಟೆ ಒಳಗೆ ಮುಟ್ಟಿದ್ರೆ ಮಾತ್ರ ಈ ಕೂಡುವಿಕೆ ಸರಿಹೋಗೋದು. ಅಲ್ಲಿ ಆರು ನಿಮಿಷ ಅಂದ್ರೆ ಸಾವಿರಾರು ಜನ ದಿನಾ ಮಾಡೋ ಕೆಲಸ.

ಆದ್ರೂ ನೀವು ಮೊದಲನೇ ದಿನ ಅದನ್ನ ಮಾಡ್ಬೇಡಿ. ನಿದ್ದೆಗೆಟ್ಟು ವಿಮಾನ ಇಳಿದಿರ್ತೀರಿ. ಬರ್ನ್‌ನಲ್ಲಿ ಇಳಿದು, ಆ ಆರು ನಿಮಿಷದ ಗಾಡಿನ ಬೇಕಂತಲೇ ಬಿಟ್ಟುಬಿಡಿ. ಅಮ್ಮನ ಕಣ್ಣೆದುರಿಗೇ ಹೋಗ್ಲಿ. ಬೆಂಚ್ ಮೇಲೆ ಕೂತು ಏನಾದ್ರೂ ಬಿಸಿ ಕುಡೀರಿ, ಅರ್ಧ ಗಂಟೆಗೆ ಇನ್ನೊಂದು ಬರುತ್ತೆ. ಪಾಸ್ ಇದ್ಯಲ್ಲ, ಅದು ಯಾವ ಒಂದು ಗಾಡಿಗೂ ಕಟ್ಟಿದ್ದಲ್ಲ, ಒಂದು ಪೈಸೆ ನಷ್ಟ ಇಲ್ಲ. ತಪ್ಪಿದ ಗಾಡಿನ ಒಂದ್ಸಲ ಆರಾಮಾಗಿ ನೋಡಿದವ್ರು ಆಮೇಲೆ ಅಷ್ಟು ಹೆದರಲ್ಲ, ನಾನು ಕಂಡಿದೀನಿ.

ಇನ್ನು ಬೇರೆ ಆಗೋ ಭಯ. ಇದಕ್ಕೆ ಒಂದೇ ಒಂದು ನಿಯಮ ಇಟ್ಕೊಳ್ಳಿ, ಎರಡು ಮೂರು ಇಟ್ರೆ ಗಾಬರಿಯಲ್ಲಿ ಎಲ್ಲಾ ಕಲಸಿ ಹೋಗುತ್ತೆ. ಗಾಡಿಯಲ್ಲಿ ಇರೋರು ಮುಂದಿನ ಸ್ಟೇಷನ್‌ನಲ್ಲಿ ಇಳಿದು, ಇಳಿದ ಜಾಗದಲ್ಲೇ ಕೂರ್ಬೇಕು, ಕೆಳಗೆ ಉಳಿದವ್ರು ಹುಡುಕ್ಕೊಂಡು ಬರ್ಬೇಕು. ಉಳಿದವ್ರು ಅಮ್ಮ ಆಗಿದ್ರೆ ಮಾತ್ರ ಅವ್ರು ಅಲ್ಲಾಡಬಾರ್ದು, ನೀವು ವಾಪಸ್ ಬರ್ತೀರಿ. (ನೋಡಿ, ಒಂದು ಅಂದೆ, ಆಗ್ಲೇ ಒಂದೂವರೆ ಆಯ್ತು.) ಅಮ್ಮನ ಫೋನ್‌ಗೂ ರೋಮಿಂಗ್ ಹಾಕ್ಸಿ. ಎಷ್ಟೋ ಜನ ಮಕ್ಕಳ ಫೋನ್‌ಗೆ ಮಾತ್ರ ಹಾಕ್ಸಿರ್ತಾರೆ, ಬೇರೆ ಆದಾಗ ಅದು ಏನೂ ಪ್ರಯೋಜನ ಇಲ್ಲ. ಹೋಟೆಲ್ ವಿಳಾಸ ಒಂದು ಚೀಟಿಯಲ್ಲಿ ಬರೆದು ಅವ್ರ ಪರ್ಸಲ್ಲಿ ಇಡಿ.

ಬಾಗಿಲು ಹತ್ರ ಇಬ್ರೂ ಒಟ್ಟಿಗೆ ಇರಿ. ಅಲ್ಲಿ ಬಾಗಿಲು ತಾನಾಗಿ ತೆರೆಯುತ್ತೆ ಅಂತ ಕಾಯ್ಬೇಡಿ, ಬಟನ್ ಒತ್ತಬೇಕು, ಆ ಕೆಲಸ ಅಮ್ಮನಿಗೇ ಕೊಡಿ. ಹೊರಡೋಕೆ ಮುಂಚೆ ಬಾಗಿಲು ಲಾಕ್ ಆಗುತ್ತೆ, ನಮ್ಮ ತರ ಓಡಿ ಹಿಡ್ಕೊಂಡು ನೇತಾಡೋಕಾಗಲ್ಲ. ನೀವು ನೀರು ತರೋಕೆ, ಫೋಟೋ ತೆಗಿಯೋಕೆ ಅಂತ ಒಂದು ನಿಮಿಷಕ್ಕೂ ಕೆಳಗೆ ಇಳಿಬಾರ್ದು. ಅರಸೀಕೆರೆ ಕಥೆ ಇರೋ ಮನೆಯಲ್ಲಿ ಇದಂತೂ ಖಂಡಿತ.

ಇನ್ನೊಂದು ಕೆಲಸ ಕೊಡಿ. ಸ್ವಿಸ್ ಸ್ಟೇಷನ್‌ಗಳಲ್ಲಿ ಹಳದಿ ಹಾಳೆ ಹೊರಡೋ ಗಾಡಿಗಳದ್ದು, ಬಿಳಿ ಹಾಳೆ ಬರೋ ಗಾಡಿಗಳದ್ದು. ಹಳದಿ ಹುಡುಕಿ ಪ್ಲಾಟ್‌ಫಾರ್ಮ್ ನಂಬರ್ ಹೇಳೋದು ಅಮ್ಮನ ಪಾಲು. ನಂಬರ್‌ಗೆ ಭಾಷೆ ಬೇಕಿಲ್ಲ. ಸುಮ್ನೆ ಕೂತವ್ರಿಗೇ ಭಯ ಜಾಸ್ತಿ.

ನಿಜವಾಗ್ಲೂ ಹುಷಾರಾಗಿರ್ಬೇಕಾದ ಜಾಗ ನೀವು ಕೇಳೇ ಇಲ್ಲ. ಇಂಟರ್‌ಲಾಕನ್ ಹತ್ರದ ಬೆಟ್ಟದ ಊರುಗಳು, ಲೌಟರ್‌ಬ್ರುನೆನ್‌ಗೋ ಗ್ರಿಂಡೆಲ್‌ವಾಲ್ಡ್‌ಗೋ ಹೋಗ್ತೀರಿ ತಾನೆ? ಇಂಟರ್‌ಲಾಕನ್ ಓಸ್ಟ್‌ನಿಂದ ಒಂದೇ ಗಾಡಿ ಹೊರಟು ದಾರಿಯಲ್ಲಿ ತ್ಸ್ವೈಲ್ಯೂಚಿನೆನ್ ಅನ್ನೋ ಕಡೆ ಎರಡಾಗುತ್ತೆ, ಅರ್ಧ ಆ ಕಡೆ, ಅರ್ಧ ಈ ಕಡೆ. ಬೋಗಿ ಮೇಲಿನ ಬೋರ್ಡ್ ಓದಿ ಹತ್ತಿ. ನೀವೊಂದು ಬೋಗಿ ಅಮ್ಮ ಒಂದು ಬೋಗಿ ಆದ್ರೆ ಅರಸೀಕೆರೆಗಿಂತ ದೊಡ್ಡ ಕಥೆ ಆಗುತ್ತೆ.

ಈಗ ಬಾಸೆಲ್. ಬರ್ನ್ ಬಿಟ್ಬಿಡಿ, ನನಗೆ ಚಿಂತೆ ಇದೇ. ಟಿಜಿವಿಯಲ್ಲಿ ಸೀಟು ಕಡ್ಡಾಯ, ಟಿಕೆಟ್ ಆ ಒಂದು ಗಾಡಿಗೆ ಮಾತ್ರ, ಬಾಗಿಲು ಎರಡು ನಿಮಿಷ ಮುಂಚೆನೇ ಮುಚ್ತಾರೆ, ಹಾಗಾಗಿ ನಿಮ್ಮ 11 ನಿಜವಾಗಿ 9. ಪಾಸ್ ಬೇರೆ, ಟಿಕೆಟ್ ಬೇರೆ ಇರೋದ್ರಿಂದ ಹಿಂದಿನ ಗಾಡಿ ಲೇಟಾಗಿ ತಪ್ಪಿದ್ರೆ ಹೊಸ ಟಿಕೆಟ್ ನಿಮ್ಮ ಕೈಯಿಂದಾನೇ ಹೋಗಬಹುದು. ಪರಿಹಾರ ಸುಲಭ, ಪಾಸ್‌ನ ಆರನೇ ದಿನ ಬಾಸೆಲ್ ತನಕ ನಡೆಯುತ್ತಲ್ಲ, ಒಂದು ಗಂಟೆ ಮುಂಚಿನ ಗಾಡಿ ಹತ್ತಿ, ಖರ್ಚೇನಿಲ್ಲ. ಪ್ಯಾರಿಸ್‌ನಲ್ಲಿ ಗಾರ್ ದ ಲಿಯೋನ್‌ನಲ್ಲಿ ಇಳೀತೀರಿ. ಸೂಟ್‌ಕೇಸ್ ಎಳ್ಕೊಂಡು ಮೆಟ್ರೋ ಮೆಟ್ಟಿಲು ಬೇಡ, ಹೊರಗಿನ ಟ್ಯಾಕ್ಸಿ ಸಾಲಲ್ಲಿ ನಿಂತು ಹೋಗಿ, ಸ್ಟೇಷನ್ ಒಳಗೇ "ಟ್ಯಾಕ್ಸಿ ಟ್ಯಾಕ್ಸಿ" ಅಂತ ಬರೋರ ಕಡೆ ತಿರುಗಿ ನೋಡ್ಬೇಡಿ.

ಲಗೇಜ್ ತಲೆಗೊಂದು, ಅವರವರು ಎತ್ತೋ ಅಷ್ಟು ಮಾತ್ರ.

ಒಬ್ಬ ಸದಸ್ಯರು (ಸ್ಟುಟ್‌ಗಾರ್ಟ್‌ನಿಂದ)

ಇದನ್ನ ಓದಿ ಯಾರಾದ್ರೂ ಜರ್ಮನಿಯಲ್ಲೂ ಆರು ನಿಮಿಷ ನಂಬ್ಕೊಂಡು ಹೊರಟಾರು ಅಂತ ಬರೀತಿದೀನಿ, ನಂಬ್ಬೇಡಿ! 2024ರಲ್ಲಿ ಇಲ್ಲಿನ ರೈಲ್ವೆ ಕಂಪನಿ ಡಾಯ್ಚ ಬಾನ್‌ನ ದೂರದ ಗಾಡಿಗಳಲ್ಲಿ ಸಮಯಕ್ಕೆ ಬಂದಿದ್ದು ನೂರಕ್ಕೆ 62.5, ಅದೂ ಆರು ನಿಮಿಷದ ಒಳಗಿನ ಲೇಟನ್ನ ಲೇಟ್ ಅಂತ ಲೆಕ್ಕಾನೇ ಮಾಡದೆ. ಕೊನೇ ಪಕ್ಷ 40 ನಿಮಿಷ ಬಿಡಿ. ಪೂರ್ತಿ ಪ್ರಯಾಣ ಒಂದೇ ಟಿಕೆಟಲ್ಲಿ ಇದ್ದು, ಮುಟ್ಟೋದು 20 ನಿಮಿಷಕ್ಕಿಂತ ಜಾಸ್ತಿ ತಡ ಆಗುತ್ತೆ ಅಂತಾದ್ರೆ, ಅಗ್ಗದ ಟಿಕೆಟಿನ ಒಂದೇ ಗಾಡಿ ಅನ್ನೋ ಕಟ್ಟು ಬಿಟ್ಟುಹೋಗುತ್ತೆ, ಬೇರೆ ಗಾಡಿ ಹತ್ತಬಹುದು. ನಮ್ಮ ಮಾವ ಬಂದಾಗ ಇದೇ ನಮ್ಮನ್ನ ಕಾಪಾಡಿದ್ದು.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು, ಅಮ್ಮ ಎಲ್ಲಿ ಹೋದ್ರೂ ಒಂದು ಗಂಟೆ ಮುಂಚೆ ಪ್ಲಾಟ್‌ಫಾರ್ಮಲ್ಲಿ ಕೂರ್ಬೇಕು ಅಂತಾರೆ, ಊಟ ಕೂಡ ಬೇಡ ಅಂತಾರೆ. ನನಗೆ ಸಿಟ್ಟು ಬಂದ್ಬಿಡುತ್ತೆ.

ಟೂರ್ ಮ್ಯಾನೇಜರ್

ಕೂರ್ಲಿ ಬಿಡಿ ಮೇಡಂ, ಅದ್ರಿಂದ ನಿಮಗೇನು ನಷ್ಟ? ಪ್ಲಾಟ್‌ಫಾರ್ಮಲ್ಲೇ ಚಪಾತಿ ಬಿಚ್ಚಿ. ಎರಡು ಸಲ ಒಂದು ಗಂಟೆ ಕೂತ ಮೇಲೆ ಬೋರ್ ಆಗಿ ಅವ್ರೇ ಅರ್ಧ ಗಂಟೆಗೆ ಇಳೀತಾರೆ. ಮತ್ತೆ ಆಪ್‌ನ ನಿಮಿಷ ನಿಮಿಷಕ್ಕೂ ತೆಗೆದು ನೋಡೋದು ಕಡಿಮೆ ಮಾಡಿ. ಅಮ್ಮ ಬೋರ್ಡ್ ನೋಡಲ್ಲ, ನಿಮ್ಮ ಮುಖ ನೋಡ್ತಾರೆ.

ಹೊರಡೋಕೆ ಮುಂಚೆ ಒಂದ್ಸಲ ಬೆಂಗಳೂರಿಗೆ ಬಂದು ಮೆಜೆಸ್ಟಿಕ್ ಮೆಟ್ರೋದಲ್ಲಿ ನೇರಳೆ ಲೈನ್‌ನಿಂದ ಹಸಿರಿಗೆ ಬದಲಾಯಿಸಿ ನೋಡಿ, ಸೂಟ್‌ಕೇಸ್ ಸಮೇತ. ಅಲ್ಲೂ ಬಾಗಿಲು ತಾನೇ ಮುಚ್ಚುತ್ತೆ. ಆ ಬೇರೆ ಆದ್ರೆ ಅನ್ನೋ ನಿಯಮನ ಬೇಕಂತಲೇ ಒಂದ್ಸಲ ಆಡಿ ನೋಡಿ.

ಪ್ರಶ್ನೆ ಕೇಳಿದವರು (ಎರಡು ವಾರದ ಮೇಲೆ)

ಸರ್, ಭಾನುವಾರ ಮೆಜೆಸ್ಟಿಕ್‌ನಲ್ಲಿ ಮಾಡಿದ್ವಿ. ಅಮ್ಮ ಹತ್ತಿದ್ರು, ನಾನು ಕೆಳಗೆ ಉಳ್ಕೊಂಡೆ, ಬಾಗಿಲು ಮುಚ್ಚಿದಾಗ ನನ್ನ ಎದೆನೇ ಧಸಕ್ ಅಂತು. ಮುಂದಿನ ಸ್ಟೇಷನ್‌ಗೆ ಹೋದ್ರೆ ಅಮ್ಮ ಬೆಂಚ್ ಮೇಲೆ ಕೂತು ಪಕ್ಕದವ್ರ ಜೊತೆ ಮಾತಾಡ್ತಾ ಇದ್ರು. "ಯಾಕೆ ಇಷ್ಟು ಲೇಟು?" ಅಂದ್ರು. ಬಾಸೆಲ್‌ಗೆ ಒಂದು ಗಂಟೆ ಮುಂಚಿನ ಗಾಡಿ ಅಂತ ಬರ್ಕೊಂಡಿದೀನಿ, ಅಮ್ಮ ಎರಡು ಗಂಟೆ ಮಾಡು ಅಂತಿದಾರೆ.